ಸಾವಿರ ಕೋರಿಕೆ ಒಟ್ಟಿಗೇ ಕಳಿಸಿದರೆ ಕೆಲಸ ಬೇಗ ಮುಗಿಯುತ್ತದೆಯೇ?

ಜಿಲ್ಲೆಯೊಂದರ 1,200 ಹಳ್ಳಿಗಳ ಪಟ್ಟಿ ನಿಮ್ಮ ಬಳಿ ಇದೆ ಎಂದುಕೊಳ್ಳಿ. ಯಾವ ಹಳ್ಳಿಗೆ ಆರೋಗ್ಯ ಕೇಂದ್ರ ಎಷ್ಟು ದೂರ ಎಂದು ಲೆಕ್ಕ ಹಾಕಲು ಪ್ರತಿ ಹಳ್ಳಿಯ ಅಕ್ಷಾಂಶ, ರೇಖಾಂಶ ಬೇಕು. ಓಪನ್‌ಸ್ಟ್ರೀಟ್‌ಮ್ಯಾಪ್‌ನ ‘ನಾಮಿನಾಟಿಮ್’ ಸೇವೆಗೆ ಊರಿನ ಹೆಸರು ಕಳಿಸಿದರೆ ಅದು ಉಚಿತವಾಗಿ ಸ್ಥಾನ ತಿಳಿಸುತ್ತದೆ. ಪೈಥಾನ್‌ನಲ್ಲಿ ಕೆಲವೇ ಸಾಲಿನ ಪ್ರೋಗ್ರಾಂ ಬರೆದು 1,200 ಹೆಸರುಗಳನ್ನೂ ಒಟ್ಟಿಗೇ ಕಳಿಸಿಬಿಟ್ಟರೆ ಕ್ಷಣದಲ್ಲಿ ಕೆಲಸ ಮುಗಿಯುತ್ತದೆ ಎಂದು ಅನ್ನಿಸುವುದು ಸಹಜ.

ಆದರೆ ಹಾಗಾಗುವುದಿಲ್ಲ. ಸರ್ವರ್ ಕೂಡ ಒಂದು ಕಂಪ್ಯೂಟರ್. ಅದರ ಸಾಮರ್ಥ್ಯಕ್ಕೆ ಮಿತಿಯಿದೆ, ಅದನ್ನು ಎಲ್ಲರೂ ಹಂಚಿಕೊಳ್ಳಬೇಕು. ಅದಕ್ಕೇ ನಾಮಿನಾಟಿಮ್ ಸೆಕೆಂಡಿಗೆ ಹೆಚ್ಚೆಂದರೆ ಒಂದು ಕೋರಿಕೆ ಎಂಬ ನಿಯಮ ಇಟ್ಟಿದೆ. ಇಂಥ ಮಿತಿ ಮೀರಿದಾಗ ಸರ್ವರ್‌ಗಳು ಸಾಮಾನ್ಯವಾಗಿ ‘429’ ಎಂಬ ಸಂಕೇತ ಕಳಿಸುತ್ತವೆ. ‘ಕೋರಿಕೆ ವಿಪರೀತವಾಯಿತು’ ಎಂದು ಅದರ ಅರ್ಥ. 2012ರಲ್ಲಿ ಇದು ಇಂಟರ್ನೆಟ್ಟಿನ ಅಧಿಕೃತ ಸಂಕೇತಗಳ ಪಟ್ಟಿಗೆ ಸೇರಿತು. ಅದನ್ನೂ ಲೆಕ್ಕಿಸದಿದ್ದರೆ ನಿಮ್ಮ ಐಪಿ ವಿಳಾಸಕ್ಕೇ ತಡೆ ಬೀಳಬಹುದು. ಇಡೀ ಕಾಲೇಜು ಒಂದೇ ವಿಳಾಸ ಬಳಸುತ್ತಿದ್ದರೆ ಉಳಿದವರಿಗೂ ಆ ಸೇವೆ ಸಿಗುವುದಿಲ್ಲ.

ಇದಕ್ಕಿಂತ ದೊಡ್ಡ ಅಪಾಯ ಕಣ್ಣಿಗೆ ಬೀಳುವುದಿಲ್ಲ. ‘ಉತ್ತರ ಬರಲಿಲ್ಲ’ ಎಂಬುದನ್ನು ಪ್ರೋಗ್ರಾಂ ‘ಊರು ಸಿಗಲಿಲ್ಲ’ ಎಂದು ಬರೆದುಕೊಂಡರೆ? ಪಟ್ಟಿ ತಾಲ್ಲೂಕುವಾರು ಇದ್ದರೆ ಕೊನೆಯ ತಾಲ್ಲೂಕಿನ ಹಳ್ಳಿಗಳೆಲ್ಲ ನಕ್ಷೆಯಿಂದ ಮಾಯವಾಗುತ್ತವೆ. ಆರೋಗ್ಯ ಕೇಂದ್ರ ದೂರವಿರುವ ಊರುಗಳು ಅವೇ ಆಗಿದ್ದರೆ ವರದಿಯ ತೀರ್ಮಾನವೇ ತಲೆಕೆಳಗಾಗುತ್ತದೆ.

ಪರಿಹಾರಕ್ಕೆ ಎರಡು ಉಪಾಯ ಬೇಕು. ಮೊದಲನೆಯದು ಸರದಿ ಸಾಲು, ಅಂದರೆ ಕ್ಯೂ. ಎಲ್ಲ ಕೋರಿಕೆಗಳೂ ಅದರಲ್ಲಿ ಕಾಯುತ್ತವೆ, ಯಾವುದೂ ಕಳೆದುಹೋಗುವುದಿಲ್ಲ. ಎರಡನೆಯದು ವೇಗದ ಕಡಿವಾಣ, ಅಂದರೆ ಥ್ರಾಟ್ಲಿಂಗ್. ಸಾಲಿನಿಂದ ಮುಂದಿನ ಕೋರಿಕೆಯನ್ನು ಯಾವಾಗ ಹೊರಗೆ ಬಿಡಬೇಕು ಎಂದು ಇದು ನಿರ್ಧರಿಸುತ್ತದೆ.

‘ಒಂದು ಮುಗಿದ ಮೇಲೆ ಇನ್ನೊಂದು ಕಳಿಸಿದರೆ ಸಾಕಲ್ಲ?’ ಎಂದು ಕೇಳಬಹುದು. ಸಾಲದು. ಉತ್ತರ 0.1 ಸೆಕೆಂಡಿನಲ್ಲಿ ಬಂದರೆ, ಒಂದೊಂದಾಗಿ ಕಳಿಸಿದರೂ ಸೆಕೆಂಡಿಗೆ 10 ಕೋರಿಕೆ ಹೋಗುತ್ತವೆ. ಮದುವೆ ಊಟದಲ್ಲಿ ಒಂದು ಪಂಕ್ತಿಗೆ ಎಷ್ಟು ಜನ ಎಂಬುದು ಬೇರೆ, ಗಂಟೆಗೆ ಎಷ್ಟು ಪಂಕ್ತಿ ಎಂಬುದು ಬೇರೆ. ಇಲ್ಲೂ ಹಾಗೆಯೇ, ಎರಡಕ್ಕೂ ಮಿತಿ ಬೇಕು.

ಪ್ರತಿ ಉತ್ತರದ ನಂತರ ಒಂದು ಸೆಕೆಂಡ್ ಸುಮ್ಮನಿರುವುದು ಸುರಕ್ಷಿತ ದಾರಿ, ಆದರೆ ಸ್ವಲ್ಪ ನಿಧಾನ. ಉತ್ತರಕ್ಕೆ ಅರ್ಧ ಸೆಕೆಂಡ್ ಹಿಡಿದರೆ ಒಂದು ಊರಿಗೆ ಒಂದೂವರೆ ಸೆಕೆಂಡ್ ಆಗುತ್ತದೆ. ಹಿಂದಿನ ಕೋರಿಕೆ ಹೊರಟ ಸಮಯ ಗುರುತಿಟ್ಟುಕೊಂಡು, ಉಳಿದ ಅರ್ಧ ಸೆಕೆಂಡ್ ಮಾತ್ರ ಕಾದರೆ ಸಾಕು.

ಇಷ್ಟಾದರೂ 429 ಬಂದರೆ ಪ್ರೋಗ್ರಾಂ ತಕ್ಷಣ ಮತ್ತೆ ಕೇಳಬಾರದು. ಉತ್ತರದ ಜೊತೆ ‘ರಿಟ್ರೈ-ಆಫ್ಟರ್’ ಎಂಬ ಸೂಚನೆ ಇದ್ದರೆ ಅದು ಹೇಳಿದಷ್ಟು ಹೊತ್ತು ಕಾಯಬೇಕು. ಇಲ್ಲದಿದ್ದರೆ 2, 4, 8 ಸೆಕೆಂಡ್ ಹೀಗೆ ಕಾಯುವ ಅವಧಿಯನ್ನು ದುಪ್ಪಟ್ಟು ಮಾಡುತ್ತಾ ಹೋಗಬೇಕು. ಅದಕ್ಕೆ ಚೂರುಪಾರು ಯಾದೃಚ್ಛಿಕ ವ್ಯತ್ಯಾಸ ಸೇರಿಸುವುದು ಒಳ್ಳೆಯದು. ಇಲ್ಲವಾದರೆ ಒಟ್ಟಿಗೆ ಸೋತ ಪ್ರೋಗ್ರಾಂಗಳೆಲ್ಲ ಮತ್ತೆ ಒಟ್ಟಿಗೇ ಬಾಗಿಲು ತಟ್ಟುತ್ತವೆ. ಕೆಲವು ಪ್ರಯತ್ನಗಳ ನಂತರವೂ ಆಗದಿದ್ದರೆ ಆ ಹೆಸರನ್ನು ‘ಸಿಗಲಿಲ್ಲ’ ಎಂದು ಬರೆಯದೆ, ‘ಕೇಳಲಾಗಲಿಲ್ಲ’ ಎಂಬ ಬೇರೆ ಪಟ್ಟಿಗೆ ಸೇರಿಸಬೇಕು.

ಬಂದ ಉತ್ತರವನ್ನು ಆಗಿಂದಾಗಲೇ ಫೈಲಿಗೆ ಉಳಿಸಿ. ನಡುವೆ ಕರೆಂಟು ಹೋದರೂ ಮೊದಲಿನಿಂದ ಶುರು ಮಾಡಬೇಕಿಲ್ಲ, ಕೇಳಿದ್ದನ್ನೇ ಮತ್ತೆ ಕೇಳಿ ಸರ್ವರ್‌ಗೆ ಹೊರೆ ಹಾಕುವುದೂ ಇಲ್ಲ. ಹೊಸಹಳ್ಳಿ ಎಂಬ ಹೆಸರಿನ ಊರುಗಳು ಹಲವಾರು ಇರುವುದರಿಂದ ಹೆಸರಿನೊಂದಿಗೆ ತಾಲ್ಲೂಕು, ಜಿಲ್ಲೆಯನ್ನೂ ಕಳಿಸಿ.

ಕೊನೆಗೆ ಲೆಕ್ಕ ನೋಡಿ: ಸೆಕೆಂಡಿಗೆ ಒಂದರಂತೆ 1,200 ಊರುಗಳಿಗೆ 1,200 ಸೆಕೆಂಡ್, ಅಂದರೆ 20 ನಿಮಿಷ. ಒಂದು ಕಾಫಿ ಕುಡಿದು ಬರುವಷ್ಟರಲ್ಲಿ ಪಟ್ಟಿ ಸಿದ್ಧವಾಗಿರುತ್ತದೆ, ಕೊನೆಯ ತಾಲ್ಲೂಕಿನ ಹಳ್ಳಿಗಳೂ ಅದರಲ್ಲಿರುತ್ತವೆ.