ಚಳಿಯಿಲ್ಲದ ಚಳಿಗಾಲದಲ್ಲಿ ಸಾಕುಬೆಕ್ಕಿನ ಕ್ಷೇಮ

ಕೊಚ್ಚಿ ಮತ್ತು ತಿರುವನಂತಪುರಗಳಲ್ಲಿ ಡಿಸೆಂಬರ್‌ನ ರಾತ್ರಿಯಲ್ಲೂ ಉಷ್ಣತೆಯು ಸಾಮಾನ್ಯವಾಗಿ 22–23 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಕೆಳಗಿಳಿಯದ ಕಾರಣ, ಶೀತದೇಶಗಳ ಬೆಕ್ಕುಗಳಿಗೆ ಹೇಳುವ ಉಣ್ಣೆಯ ಹೊದಿಕೆ, ಹೀಟರ್ ಮುಂತಾದ ಉಪಾಯಗಳಿಗೆ ಅಲ್ಲಿ ಕೆಲಸವಿಲ್ಲ. ಕ್ರಿಸ್‌ಮಸ್‌ನಿಂದ ಹೊಸವರ್ಷದವರೆಗಿನ ರಜೆಯಲ್ಲಿ ಆ ನಗರಗಳ ಸಾಕುಬೆಕ್ಕಿಗೆ ಕೇಡು ಬರುವುದು ಹಬ್ಬದ ಸದ್ದು, ಅಲಂಕಾರ, ತಿನಿಸು ಮತ್ತು ಮನೆಯವರ ಪ್ರಯಾಣದಿಂದ.

ಮನುಷ್ಯರ ಕಿವಿಗೆ ಸುಮಾರು 20 ಕಿಲೋಹರ್ಟ್ಸ್‌ವರೆಗಿನ ಸದ್ದು ಮಾತ್ರ ಕೇಳಿದರೆ, ಬೆಕ್ಕಿಗೆ 60 ಕಿಲೋಹರ್ಟ್ಸ್‌ಗೂ ಮೀರಿದ ಸದ್ದು ಕೇಳಿಸುತ್ತದೆ. ಫೋರ್ಟ್ ಕೊಚ್ಚಿಯಲ್ಲಿ ಡಿಸೆಂಬರ್ 31ರ ನಡುರಾತ್ರಿ ಪಪ್ಪಾಂಜಿ ಎಂಬ ಮುದುಕನ ಬೃಹತ್ ಪ್ರತಿಕೃತಿಯನ್ನು ಸುಟ್ಟು ಹಳೆಯ ವರ್ಷವನ್ನು ಬೀಳ್ಕೊಡುವಾಗ, ಜನಜಂಗುಳಿ ಮತ್ತು ಪಟಾಕಿಯ ಅಬ್ಬರಕ್ಕೆ ಬೆದರಿದ ಬೆಕ್ಕು ಓಡಿಹೋಗಿ ದಾರಿ ತಪ್ಪುವ ಸಂಭವವಿದೆ. ಕ್ರಿಸ್‌ಮಸ್ ಮತ್ತು ಹೊಸವರ್ಷದ ಮುನ್ನಾದಿನಗಳಲ್ಲಿ ರಾತ್ರಿ 11.55ರಿಂದ 12.30ರವರೆಗೆ ಮಾತ್ರ ಪಟಾಕಿ ಸಿಡಿಸಬಹುದೆಂದು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ಹೇಳಿದ್ದರೂ, ಸದ್ದು ಆ ಗಡಿಯೊಳಗೇ ನಿಲ್ಲುತ್ತದೆಂದು ನಂಬಿ ಕೂರುವಂತಿಲ್ಲ. ಸಂಜೆಗೇ ಬೆಕ್ಕನ್ನು ಒಳಗೆ ಕರೆದು, ಕಿಟಕಿ ಮುಚ್ಚಿದ ಕೋಣೆಯಲ್ಲಿ ನೀರು, ಮಲವಿಸರ್ಜನೆಗೆ ಮರಳಿನ ತಟ್ಟೆ ಮತ್ತು ಅಡಗಲು ಒಂದು ರಟ್ಟಿನ ಪೆಟ್ಟಿಗೆಯನ್ನು ಇಡುವುದು ಒಳ್ಳೆಯದು.

ಅಲಂಕಾರದ ವಸ್ತುಗಳಲ್ಲಿ ಮಿನುಗುವ ಜರಿ, ರಿಬ್ಬನ್, ದಾರಗಳು ಹೆಚ್ಚು ಅಪಾಯಕಾರಿ. ಬೆಕ್ಕಿನ ನಾಲಿಗೆಯ ಮೇಲಿನ ಮುಳ್ಳುಗಳು ಒಳಮುಖವಾಗಿ ಬಾಗಿರುವುದರಿಂದ ಒಮ್ಮೆ ಬಾಯಿಗೆ ಸಿಕ್ಕ ದಾರವನ್ನು ಉಗುಳುವುದು ಅದಕ್ಕೆ ಕಷ್ಟ. ನುಂಗಿದ ದಾರದ ಒಂದು ತುದಿ ಎಲ್ಲಾದರೂ ಸಿಕ್ಕಿಕೊಂಡರೆ ಕರುಳು ಅದರ ಮೇಲೆ ನೆರಿಗೆಗಟ್ಟಿ, ಕೆಲವೊಮ್ಮೆ ಹರಿದೂಹೋಗುತ್ತದೆ. ದಾರದ ತುದಿ ಹೊರಗೆ ಕಂಡರೂ ಎಳೆಯದೆ ವೈದ್ಯರ ಬಳಿಗೆ ಒಯ್ಯಬೇಕು. ಹೂಗುಚ್ಛದಲ್ಲಿರುವ ಲಿಲ್ಲಿ ಹೂವಿನ ಎಸಳು, ಎಲೆ, ಪರಾಗ, ಹೂದಾನಿಯ ನೀರು ಸಹ ಬೆಕ್ಕಿನ ಮೂತ್ರಪಿಂಡವನ್ನು ಎರಡು ಮೂರು ದಿನಗಳಲ್ಲೇ ಕೆಡಿಸಬಲ್ಲವು.

ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಮಾಂಸದ ಸಾರು ಬೆಕ್ಕಿನ ಕೆಂಪು ರಕ್ತಕಣಗಳನ್ನು ನಾಶಮಾಡಿ ರಕ್ತಹೀನತೆ ತರುತ್ತದೆ; ಚಾಕೊಲೇಟ್ ಮತ್ತು ಒಣದ್ರಾಕ್ಷಿಯ ಪ್ಲಮ್ ಕೇಕ್ ಕೂಡ ವರ್ಜ್ಯ. ಜ್ವರವೆಂದು ಊಹಿಸಿ ಪ್ಯಾರಸಿಟಮಾಲ್ ಕೊಡುವುದಂತೂ ಮಾರಕ, ಏಕೆಂದರೆ ಆ ಔಷಧವನ್ನು ನಿರ್ವಿಷಗೊಳಿಸುವ ಕಿಣ್ವದ ಸಾಮರ್ಥ್ಯ ಬೆಕ್ಕಿನ ಯಕೃತ್ತಿನಲ್ಲಿ ತೀರಾ ಕಡಿಮೆ.

ಬೆಕ್ಕಿಗೆ ತನ್ನ ಮನೆಯ ಪರಿಸರದ ನಂಟು ಬಲವಾದದ್ದು. ಆದುದರಿಂದ ಊರಿಗೆ ಹೊರಡುವವರು ಅದನ್ನು ಹೊಸ ಜಾಗಕ್ಕೆ ಸಾಗಿಸುವ ಬದಲು, ದಿನಕ್ಕೆರಡು ಬಾರಿ ಬಂದು ಊಟವಿಟ್ಟು ನೋಡಿಕೊಳ್ಳುವ ಪರಿಚಿತರನ್ನು ಗೊತ್ತುಮಾಡುವುದು ಮೇಲು. ಬೋರ್ಡಿಂಗ್‌ನಲ್ಲಿ ಬಿಡಲೇಬೇಕಾದರೆ ರೇಬೀಸ್ ಲಸಿಕೆಯನ್ನೂ, ಬೇಗ ಹರಡಿ ಕರುಳನ್ನು ಬಾಧಿಸುವ ಪ್ಯಾನ್‌ಲ್ಯುಕೋಪೀನಿಯ ಎಂಬ ವೈರಾಣು ರೋಗದ ಲಸಿಕೆಯನ್ನೂ ಮುಂಚಿತವಾಗಿಯೇ ಹಾಕಿಸಿರಬೇಕು. ನೋಡಿಕೊಳ್ಳುವವರಿಗೆ ಎರಡು ಲಕ್ಷಣಗಳನ್ನು ತಪ್ಪದೆ ತಿಳಿಸಬೇಕು: ಇಡೀ ದಿನ ಏನೂ ತಿನ್ನದಿರುವುದು, ಮತ್ತು ಗಂಡುಬೆಕ್ಕು ತಟ್ಟೆಯಲ್ಲಿ ಮತ್ತೆ ಮತ್ತೆ ಕುಳಿತು ತಿಣುಕಿದರೂ ಮೂತ್ರ ಬಾರದಿರುವುದು. ಗಾಬರಿ, ಬದಲಾವಣೆಗಳ ಒತ್ತಡವೂ ಕಾರಣವಾಗಬಲ್ಲ ಈ ಎರಡನೆಯ ತೊಂದರೆಯು ಒಂದೆರಡು ದಿನಗಳಲ್ಲಿ ಪ್ರಾಣವನ್ನೇ ತೆಗೆಯಬಹುದು. ರಜೆಯ ದಿನಗಳಲ್ಲಿ, ಅದರಲ್ಲೂ ರಾತ್ರಿ, ಯಾವ ಪಶು ಆಸ್ಪತ್ರೆ ತೆರೆದಿರುತ್ತದೆಂದು ವಿಚಾರಿಸಿ, ಅದರ ದೂರವಾಣಿ ಸಂಖ್ಯೆಯನ್ನು ಹೊರಡುವ ಮೊದಲೇ ಅವರ ಕೈಗೆ ಕೊಡುವುದು ಅಗತ್ಯ.