ಎಂಆರ್‌ಐ ಕಾಂಟ್ರಾಸ್ಟ್: ಯಾವುದು, ಯಾರಿಗೆ, ಯಾಕೆ?

ಮಿದುಳಿನ ಎಂಆರ್‌ಐ ಅರ್ಧ ಮುಗಿದ ಮೇಲೆ ಕೆಲವರಿಗೆ ಕೈಯ ರಕ್ತನಾಳಕ್ಕೆ ಬಣ್ಣವಿಲ್ಲದ ಒಂದು ಇಂಜೆಕ್ಷನ್ ಕೊಟ್ಟು, ಮತ್ತೆ ಚಿತ್ರ ತೆಗೆಯುತ್ತಾರೆ. ಇದೇ ಕಾಂಟ್ರಾಸ್ಟ್. ಇದರೊಳಗಿರುವುದು ಗ್ಯಾಡೊಲಿನಿಯಂ ಎಂಬ ಲೋಹ. ಈ ಲೋಹ ಮಿದುಳಿನಲ್ಲೇ ಉಳಿದುಬಿಡುತ್ತದೆ ಎಂಬ ಸುದ್ದಿ ಕೇಳಿ ಇಂಜೆಕ್ಷನ್ನೇ ಬೇಡ ಎನ್ನುವವರಿದ್ದಾರೆ; ಎಲ್ಲ ಸೇಫ್, ಚಿಂತೆ ಬೇಡ ಎಂದು ಮಾತು ಮುಗಿಸುವವರೂ ಇದ್ದಾರೆ. ಎರಡೂ ಅವಸರದ ತೀರ್ಮಾನಗಳೇ. ಗ್ಯಾಡೊಲಿನಿಯಂ ಇರುವ ಔಷಧಗಳೆಲ್ಲ ಒಂದೇ ಅಲ್ಲ, ಅವನ್ನು ತೆಗೆದುಕೊಳ್ಳುವ ದೇಹಗಳೂ ಒಂದೇ ಅಲ್ಲ.

ಬಿಡಿಯಾಗಿ ದೇಹ ಸೇರಿದರೆ ಗ್ಯಾಡೊಲಿನಿಯಂ ವಿಷ. ಅದರ ಅಯಾನಿನ ಗಾತ್ರ ಕ್ಯಾಲ್ಸಿಯಂನದಕ್ಕೆ ಹತ್ತಿರವಾದ್ದರಿಂದ, ಜೀವಕೋಶಗಳಲ್ಲಿ ಕ್ಯಾಲ್ಸಿಯಂ ಮಾಡಬೇಕಾದ ಕೆಲಸಕ್ಕೆ ಅದು ಅಡ್ಡಬರುತ್ತದೆ. ಹಾಗಾಗಿ ಅದನ್ನು ಒಂದು ಸಾವಯವ ಅಣುವಿನೊಳಗೆ ಬಂಧಿಸಿ ಕೊಡುತ್ತಾರೆ. ಈ ಬಂಧನದಲ್ಲಿ ಎರಡು ಬಗೆ. ಲೀನಿಯರ್ ಬಗೆಯದು ತೆರೆದ ಸರಪಳಿ, ಗ್ಯಾಡೊಡಯಾಮೈಡ್ ಇಂಥದ್ದು. ಮ್ಯಾಕ್ರೊಸೈಕ್ಲಿಕ್ ಬಗೆಯದು ಲೋಹವನ್ನು ಸುತ್ತಲಿಂದ ಮುಚ್ಚಿ ಹಿಡಿಯುವ ಉಂಗುರ. ಗ್ಯಾಡೊಟೆರೇಟ್, ಗ್ಯಾಡೊಬ್ಯೂಟ್ರಾಲ್ ಈ ಗುಂಪಿನವು. ಕಿಡ್ನಿ ಸರಿಯಿದ್ದವರಲ್ಲಿ ಔಷಧದ ಶೇ. 90ಕ್ಕಿಂತ ಹೆಚ್ಚು ಪಾಲು ಒಂದು ದಿನದೊಳಗೆ ಮೂತ್ರದಲ್ಲಿ ಹೋಗಿಬಿಡುತ್ತದೆ. ಕಿಡ್ನಿ ಕೆಟ್ಟವರಲ್ಲಿ ಅದು ಬಹಳ ಹೊತ್ತು ಸುತ್ತುತ್ತಿರುತ್ತದೆ, ಲೀನಿಯರ್ ಬಗೆಯ ಸಡಿಲ ಬಂಧನ ಬಿಚ್ಚಿಕೊಳ್ಳಲು ಸಮಯ ಸಿಗುತ್ತದೆ. ಚರ್ಮ ಮರದಂತೆ ಗಟ್ಟಿಯಾಗಿ ಕೀಲುಗಳು ಬಗ್ಗದಂತಾಗುವ ಎನ್‌ಎಸ್‌ಎಫ್ ಎಂಬ ಭೀಕರ ಕಾಯಿಲೆಗೂ ಈ ಔಷಧಗಳಿಗೂ ನಂಟಿರುವುದನ್ನು 2006ರಲ್ಲಿ ಆಸ್ಟ್ರಿಯಾ ಮತ್ತು ಡೆನ್ಮಾರ್ಕಿನ ವೈದ್ಯರು ಗುರುತಿಸಿದರು. ಕಿಡ್ನಿ ಪರೀಕ್ಷೆ ಮಾಡಿ, ಸಡಿಲ ಬಂಧನದ ಔಷಧಗಳನ್ನು ಅಂಥವರಿಗೆ ನಿಲ್ಲಿಸಿದ ಮೇಲೆ ಹೊಸ ಪ್ರಕರಣಗಳು ಹೆಚ್ಚುಕಡಿಮೆ ಇಲ್ಲವಾದವು. ಎಚ್ಚರಿಕೆಯಿಂದ ಫಲ ಸಿಗುತ್ತದೆ ಎನ್ನಲು ಇದಕ್ಕಿಂತ ಗಟ್ಟಿ ಸಾಕ್ಷ್ಯ ಬೇಕಿಲ್ಲ.

ಕಿಡ್ನಿ ಚೆನ್ನಾಗಿರುವವರ ಮಾತೇನು? 2014ರಲ್ಲಿ ಜಪಾನಿನ ಕಾಂಡಾ ಮತ್ತು ಸಂಗಡಿಗರು, ಆರು ಅಥವಾ ಹೆಚ್ಚು ಬಾರಿ ಕಾಂಟ್ರಾಸ್ಟ್ ಪಡೆದವರ ಮಿದುಳಿನಲ್ಲಿ, ಹೊಸದಾಗಿ ಔಷಧ ಕೊಡುವ ಮೊದಲೇ ತೆಗೆದ ಚಿತ್ರದಲ್ಲೂ, ಎರಡು ಜಾಗಗಳು ಬೆಳ್ಳಗೆ ಹೊಳೆಯುವುದನ್ನು ಕಂಡರು: ಕಿರುಮಿದುಳಿನ ಡೆಂಟೇಟ್ ನ್ಯೂಕ್ಲಿಯಸ್ ಮತ್ತು ಮಿದುಳಿನ ಆಳದ ಗ್ಲೋಬಸ್ ಪ್ಯಾಲಿಡಸ್. ಮರುವರ್ಷ ಅಮೆರಿಕದ ಮೇಯೊ ಕ್ಲಿನಿಕ್ ತಂಡ ಮರಣೋತ್ತರ ಪರೀಕ್ಷೆಯಲ್ಲಿ ಅಲ್ಲಿ ಲೋಹ ಇರುವುದನ್ನೇ ತೋರಿಸಿತು. ಉಳಿಯುವುದು ನಿಜ, ಲೀನಿಯರ್ ಬಗೆಯಲ್ಲಿ ಹೆಚ್ಚು, ಮ್ಯಾಕ್ರೊಸೈಕ್ಲಿಕ್‌ನಲ್ಲಿ ಬಹಳ ಕಡಿಮೆ. ಆದರೆ ಉಳಿದದ್ದರಿಂದ ಮಿದುಳಿನ ಕಾಯಿಲೆ ಬರುತ್ತದೆ ಎಂಬುದು ಸಾಬೀತಾಗಿಲ್ಲ. ಕೆನಡಾದ ಒಂಟಾರಿಯೊದಲ್ಲಿ ಸುಮಾರು ಎರಡೂವರೆ ಲಕ್ಷ ಹಿರಿಯರ ದಾಖಲೆ ನೋಡಿದ 2016ರ ಅಧ್ಯಯನಕ್ಕೆ ಕಾಂಟ್ರಾಸ್ಟಿಗೂ ಪಾರ್ಕಿನ್ಸನ್ ಲಕ್ಷಣಗಳಿಗೂ ನಂಟು ಸಿಗಲಿಲ್ಲ. 2017ರಲ್ಲಿ ಯುರೋಪ್ ಹಲವು ಲೀನಿಯರ್ ಔಷಧಗಳನ್ನು ಅಮಾನತಿನಲ್ಲಿಟ್ಟಿತು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಕೆ ಕೊಟ್ಟು ಸುಮ್ಮನಾಯಿತು. ಹಾನಿ ಸಾಬೀತಾಗದೆ ತಡೆ ಯಾಕೆ ಎಂಬ ಆಕ್ಷೇಪದಲ್ಲಿ ಹುರುಳಿದೆ. ಆದರೂ ನನಗೆ ಯುರೋಪಿನ ನಿಲುವೇ ಸರಿ ಎನಿಸುತ್ತದೆ: ಮಿದುಳನ್ನು ಅಷ್ಟೇ ಚೆನ್ನಾಗಿ ತೋರಿಸುವ, ಕಡಿಮೆ ಉಳಿಯುವ ಇನ್ನೊಂದು ಔಷಧ ಕೈಗೆಟಕುವಾಗ, ಹೆಚ್ಚು ಉಳಿಯುವುದನ್ನು ಕೊಡಲು ಕಾರಣವೇ ಇಲ್ಲ.

ಹಾಗಾದರೆ ಕಾಂಟ್ರಾಸ್ಟ್ ಇಲ್ಲದೆಯೇ ನಡೆಸಬಾರದೇ? ಎಷ್ಟೋ ಸಲ ನಡೆಸಬಹುದು. ಈಗಷ್ಟೇ ಆದ ಪಾರ್ಶ್ವವಾಯುವನ್ನು ಡಿಫ್ಯೂಷನ್ ಎಂಬ ಬಗೆಯ ಎಂಆರ್‌ಐ ಚಿತ್ರ ಔಷಧವಿಲ್ಲದೆಯೇ ತೋರಿಸುತ್ತದೆ. ಆದರೆ ರಕ್ತ ಮತ್ತು ಮಿದುಳಿನ ನಡುವಿನ ತಡೆಗೋಡೆ ಕೆಟ್ಟ ಕಡೆ ಗ್ಯಾಡೊಲಿನಿಯಂ ಸೋರಿ ಹೊಳೆಯುತ್ತದೆ. ನಮ್ಮಲ್ಲಿ ಇಂದಿಗೂ ಕಾಣುವ ಮಿದುಳಿನ ಕ್ಷಯದ ಗಂಟು, ಲಾಡಿಹುಳುವಿನ ಮರಿಯಿಂದಾಗುವ ಗಂಟು ಉಂಗುರದಂತೆ ಎದ್ದು ಕಾಣುವುದು ಹೀಗೆಯೇ. ಬೇರೆ ಅಂಗದಿಂದ ಹರಡಿದ ಸಣ್ಣ ಕ್ಯಾನ್ಸರ್ ಗಂಟನ್ನು ಹುಡುಕುವಾಗ ಇಂಜೆಕ್ಷನ್ ಬೇಡವೆಂದರೆ ಅದು ಕಣ್ತಪ್ಪಬಹುದು. ಆ ಅಪಾಯ ಊಹೆಯದಲ್ಲ.

ಇದನ್ನೆಲ್ಲ ಹೇಳಿದರೆ ರೋಗಿಗಳು ಹೆದರುತ್ತಾರೆ ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಕಿಡ್ನಿ ತೊಂದರೆ, ಗರ್ಭ, ಹಿಂದಿನ ಅಲರ್ಜಿ ಇದ್ದರೆ ಮೊದಲೇ ಹೇಳಬೇಕೆಂದು ತಿಳಿದ ರೋಗಿಯೇ ವೈದ್ಯರಿಗೆ ನೆರವು. ಗರ್ಭಿಣಿಯರಿಗೆ ತೀರಾ ಅನಿವಾರ್ಯವಲ್ಲದೆ ಇದನ್ನು ಕೊಡುವುದಿಲ್ಲ. ಹಾಲೂಡಿಸುವ ತಾಯಿ ಮಾತ್ರ ಹಾಲು ನಿಲ್ಲಿಸಬೇಕಿಲ್ಲ, ಹಾಲಿಗೆ ಸೇರುವ ಪಾಲು ಅಷ್ಟು ಅಲ್ಪ. ಮತ್ತೆ ಮತ್ತೆ ಸ್ಕ್ಯಾನ್ ಬೇಕಾಗುವವರ ರಿಪೋರ್ಟಿನಲ್ಲಿ ‘ಕಾಂಟ್ರಾಸ್ಟ್ ಕೊಡಲಾಗಿದೆ’ ಎಂಬ ಒಂದು ಸಾಲು ಸಾಲದು. ಔಷಧದ ಹೆಸರು, ಕೊಟ್ಟ ಪ್ರಮಾಣ ಎರಡನ್ನೂ ಬರೆದಿರಬೇಕು, ಬರೆದಿಲ್ಲದಿದ್ದರೆ ಕೇಳಿ ಬರೆಸಿಕೊಳ್ಳಬೇಕು.