ತಕ್ಕಡಿಗೆ ದಕ್ಕದ ಇತಿಹಾಸಕಾರ

ಸಂಶೋಧನೆಗೆ ಮಾರ್ಗದರ್ಶಕರನ್ನು ಹುಡುಕುವ ವಿದ್ಯಾರ್ಥಿಗಳೂ ಅವರ ಹೆತ್ತವರೂ ಈಗ ಕೇಳುವುದುಂಟು: 'ಅವರ ಎಚ್-ಸೂಚ್ಯಂಕ ಎಷ್ಟು?' ಭೌತವಿಜ್ಞಾನಿ ಹಿರ್ಷ್ 2005ರಲ್ಲಿ ಸೂಚಿಸಿದ ಅಳತೆ ಇದು. ತಲಾ 10 ಬಾರಿಯಾದರೂ ಉಲ್ಲೇಖಗೊಂಡ 10 ಬರಹಗಳಿದ್ದರೆ ಸೂಚ್ಯಂಕ 10. ಒಂದೇ ಪುಸ್ತಕ ಬರೆದು, ಅದನ್ನು ಸಾವಿರ ಮಂದಿ ಉಲ್ಲೇಖಿಸಿದರೂ ಸಿಗುವುದು 1!

ಬ್ರಿಟನ್ನಿನ ನಗರ ಇತಿಹಾಸಕಾರ ಎಚ್. ಜೆ. ಡಯೋಸ್ ಈ ತಕ್ಕಡಿಗೆ ದಕ್ಕುವವರಲ್ಲ. ಪುಸ್ತಕಗಳು ಬೆರಳೆಣಿಕೆಯಷ್ಟು. ಆದರೆ ಲಂಡನ್ನಿನ ಕ್ಯಾಂಬರ್‌ವೆಲ್ ಹೇಗೆ ಬೆಳೆಯಿತು, ಜಮೀನು ಯಾರದು, ಮನೆ ಕಟ್ಟಿಸಿದವರು ಯಾರು ಎಂದು ಕೆದಕಿದ 'ವಿಕ್ಟೋರಿಯನ್ ಸಬರ್ಬ್' (1961) ಮುಂದಿನವರಿಗೆ ದಾರಿಯಾಯಿತು. 1963ರಲ್ಲಿ ಅವರು ಆರಂಭಿಸಿದ ಸುದ್ದಿಪತ್ರ 1974ರಲ್ಲಿ ವಾರ್ಷಿಕ ಸಂಚಿಕೆಯಾಗಿ, 1992ರಲ್ಲಿ 'ಅರ್ಬನ್ ಹಿಸ್ಟರಿ' ನಿಯತಕಾಲಿಕವಾಗಿ ಬೆಳೆಯಿತು. ಅದರಲ್ಲಿ ಅಚ್ಚಾಗುವ ಇತರರ ಲೇಖನಗಳು ಡಯೋಸ್ ಲೆಕ್ಕಕ್ಕೆ ಸೇರುವುದಿಲ್ಲ.